ಹಿರೇಬೆಣಕಲ್ಲಿನಲ್ಲಿ ಇಳಿದದ್ದು

ಮೂವತ್ತೊಂದು ವರ್ಷ
ಗಂಗಾವತಿಗೂ ಕೊಪ್ಪಳಕ್ಕೂ ನಡುವೆ
ದಿನಕ್ಕೆ ಆರು ಸಲ ಕೂಗಿದ್ದೇನೆ:
ಹಿರೇಬೆಣಕಲ್, ಯಾರ್ರೀ ಹಿರೇಬೆಣಕಲ್?
ಹತ್ತುವವರು ಹತ್ತಿದರು, ಇಳಿಯುವವರು ಇಳಿದರು.
ಕಿಟಕಿಯಾಚೆ ಗುಡ್ಡ ಮಾತ್ರ
ಚಿಲ್ಲರೆ ಬರಬೇಕಾದ ಪ್ರಯಾಣಿಕನ ಹಾಗೆ
ಸುಮ್ಮನೆ ನಿಂತಿರುತ್ತಿತ್ತು.
ಟಿಕೆಟ್ಟಿನ ಹಿಂದೆ ಬರೆದು ಕೊಟ್ಟಿದ್ದೆ: ಬಾಕಿ.

ಇವತ್ತು ಇಳಿದೆ.

ನನ್ನ ಹಿಂದೆ ಖಾಜಾಬಿ ಸಿಸ್ಟರು,
ಕೈಯಲ್ಲಿ ಶೂನ್ಯದ ಟಿಕೆಟ್ಟು.
“ನನಗ ಪುಗಸಟ್ಟೆ, ನಿನಗ ರೊಕ್ಕ.
ಕಂಡಕ್ಟರಾಗಿ ಏನ್ ಗಳಿಸಿದಿ ಯಮನೂರಪ್ಪ?”
ಅವರ ಹಿಂದೆ ಮೋಜಣಿ ವಿರೂಪಣ್ಣ;
ಎಡಮೊಣಕಾಲು ಸ್ಟೀಲಿನದು,
ಎಂಟು ತಿಂಗಳ ಕೂಸು ಅನ್ನುತ್ತಾನೆ ಅದಕ್ಕೆ,
ಬಿಸಿಲಿಗೆ ಹೊರಗೆ ತರಬಾರದಿತ್ತಂತೆ.
ಚೀಲದಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ,
ಆರು ಬಾಟಲಿ ನೀರು,
ಮೂವರದೂ ಕಲೆತುಹೋದ ಗುಳಿಗೆ.

ದಾರಿ ತೋರಿಸಲು ಬಂದವಳು ಆಡಿನ ದುರಗಮ್ಮ.
“ಮೂವರದೂ ಕೂಡಿದರ ಎಷ್ಟ್ ವಯಸ್ಸು?”
ಇನ್ನೂರ ಆರು, ವಿರೂಪಣ್ಣ ಥಟ್ಟನೆ.
“ಹಂಗಾರ ನಿಧಾನ ಬರ್ರಿ.
ಮ್ಯಾಲಿರೋರಿಗೆ ಅವಸರ ಇಲ್ಲ.”

ಹತ್ತಿದೆವು. ಹತ್ತಿದ್ದು ಅನ್ನುವುದೂ ಹೆಚ್ಚೇ:
ನಡೆದೆವು, ತೆವಳಿದೆವು, ನುಣುಪು ಬಂಡೆಯಲ್ಲಿ
ಮರ್ಯಾದೆ ಬದಿಗಿಟ್ಟು ಕುಂಡಿಯ ಮೇಲೆ ಜಾರಿದೆವು.
ಖಾಜಾಬಿ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ,
“ನೂರಾ ಹದಿನೆಂಟು. ಸ್ಟಾಪು.”
ನಿಂತೆವು. ಪೊದೆಯಲ್ಲಿ ಸೀತಾಫಲ ಕಣ್ಣು ಬಿಟ್ಟಿತ್ತು.
ಕೆಳಗೆ ಕಾಲುವೆ, ಅದರ ಎರಡೂ ದಡಕ್ಕೆ ಭತ್ತ,
ಅದರಾಚೆ ನನ್ನ ರಸ್ತೆ.
ಇಷ್ಟು ತೆಳ್ಳಗಿತ್ತೇ ಅದು!
ಅದರ ಮೇಲೆಯೇ ಅಲ್ಲವೆ ನನಗೆ ಕೂದಲು ಉದುರಿದ್ದು,
ಬಡ್ತಿ ತಪ್ಪಿದ್ದು, ಕೊನೆಯ ಸೀಟಿನಲ್ಲಿ
ಒಮ್ಮೆ ಒಂದು ಹೆರಿಗೆಯೂ ಆದದ್ದು.

ಮೇಲೆ, ಊರಿಗೆ ಊರೇ ಕಲ್ಲಿನ ಮನೆ.
ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ,
ಎದುರಿನ ಚಪ್ಪಡಿಗೆ ದುಂಡನೆಯ ಕಂಡಿ.
“ಮೊಳದುದ್ದದ ಮಂದಿ ಇದ್ರಂತರಿ, ಮೋರೇರು.
ಬೆಂಕಿ ಮಳಿ ಸುರೀತಂತ. ಹೋದ್ರಂತ.”
ಅಷ್ಟು ಹೇಳಿ ದುರಗಮ್ಮ ಎಲೆಅಡಿಕೆ ಹಾಕಿಕೊಂಡಳು.
ವಿರೂಪಣ್ಣ ಕೋಲು ಹಿಡಿದು ಅಳೆದದ್ದೇ ಅಳೆದದ್ದು,
ಉದ್ದ, ಅಗಲ, ಚೆಕ್ಕುಬಂದಿ;
“ಇಷ್ಟು ಮನಿ, ಒಂದಕ್ಕೂ ಖಾತೆ ಇಲ್ಲ.
ತಂಟೆಯೂ ಇಲ್ಲ, ನೋಡು.”
ಖಾಜಾಬಿ ಕಂಡಿಗೆ ಬಾಯಿಟ್ಟು ಕರೆದರು:
“ಒಳಗ ಯಾರದೀರಿ? ಬಿಪಿ ನೋಡಲೇನು?”
ನಾನೂ ತಲೆ ತೂರಿಸಿದೆ.
ತಂಪು. ಒಂದು ಹಲ್ಲಿ.
ಯಾರೋ ಎಸೆದ ಬಿಸ್ಕತ್ತಿನ ಕಾಗದ.
ಇನ್ನೇನೂ ಇರಲಿಲ್ಲ.
ಆದರೂ ತಲೆ ಹೊರಗೆ ತೆಗೆಯಲು
ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿಯಿತು.

ಹೊಂಡದ ದಂಡೆಯಲ್ಲಿ ರೊಟ್ಟಿ ಮುರಿಯುತ್ತ
ಮುಂದಿನ ಜಗಳ: ಮುದಗಲ್ಲಿನ ಕೋಟೆಯೋ,
ಮಸ್ಕಿಯ ಗುಡ್ಡವೋ?
ಖಾಜಾಬಿಗೆ ತುಂಗಭದ್ರೆಯಲ್ಲಿ ಹರಿಗೋಲು ಬೇಕು,
ಈಜು ಬರುವುದಿಲ್ಲ, ಅದಕ್ಕೇ ಬೇಕು.
ವಿರೂಪಣ್ಣನ ಕೂಸು ಎಲ್ಲಿಗಾದರೂ ಸೈ,
ಮೆಟ್ಟಿಲು ಮಾತ್ರ ಎಣಿಸಿ ಹೇಳಬೇಕು.

ತುದಿಯಲ್ಲಿ ಬೋರಲು ಹಾಕಿದ ನಗಾರಿಯಂಥ ಗುಂಡು.
“ಬಡೀರಿ, ನುಡೀತದ,” ಅಂದಳು ದುರಗಮ್ಮ.
ವಿರೂಪಣ್ಣನ ಕೋಲು ಇಸಿದುಕೊಂಡು ಒಂದೇಟು ಕೊಟ್ಟೆ.
ಕಲ್ಲಿನ ಹೊಟ್ಟೆಯಿಂದ ಎದ್ದ ದನಿ
ಅಂಗಾಲಿನಿಂದ ಹತ್ತಿ ಎದೆಗೆ ಬಂತು.
ನಾನು ಕೋಲು ಹಿಡಿದು ಹಾಗೇ ನಿಂತೆ.
ನಮ್ಮ ಕಸುಬಿನಲ್ಲಿ ಒಂದು ಗಂಟೆ ಅಂದರೆ
ಇಲ್ಲಿಗೆ ನಿಲ್ಲಿಸು.

“ಯಾಕ ನಿಂತಿ?” ಅಂದರು ಖಾಜಾಬಿ,
“ಇನ್ನೊಂದು ಹೊಡಿ.”

ಹೊಡೆದೆ.

ದೂರ ರಸ್ತೆಯಲ್ಲಿ
ಬೆಂಕಿಪೊಟ್ಟಣದಷ್ಟು ಕೆಂಪು ಬಸ್ಸೊಂದು
ನಮ್ಮನ್ನು ಬಿಟ್ಟು ಹೊರಟಿತು.
ನಾಲ್ಕೂ ಹತ್ತರದ್ದು.
ಮುಂದಿನದು ಯಾವಾಗ ಎಂದು
ಇಬ್ಬರೂ ನನ್ನ ಮುಖ ನೋಡಿದರು.
ನನಗದು ಬಾಯಿಪಾಠ.
ಹೇಳಲಿಲ್ಲ.
ಇನ್ನೂ ನಾಲ್ಕು ಸೀತಾಫಲ ಉಳಿದಿದ್ದವು.